ಚಂದ್ರಕಾಂತಿ ಟಾಕೀಸಿನ ಮುಗಿಯದ ವಿರಾಮ

ಇಸವಿ ಎರಡು ಸಾವಿರದ ಇನ್ನೂರ ಎಪ್ಪತ್ತೊಂದು
ಎರಡನೆಯ ಬೇಸಿಗೆ, ನಲವತ್ತನೆಯ ದಿನ
ಮೆಜೆಸ್ಟಿಕ್, ಬೆಂಗಳೂರು

ನನಗಿಂತ ಬಹಳ ಮೊದಲು ಈ ಊರಿನಲ್ಲಿ ಬದುಕಿದ ಹಿರಿಯರಿಗೆ, ಗೋಡೆಗಾರ್ತಿ ಚಿಕ್ಕತಾಯಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದಕ್ಕೆ ಪಂಚಾಂಗದಲ್ಲಿ ಜಾಗವಿಲ್ಲದ್ದರಿಂದ ದಿನಗಳನ್ನು ಸುಮ್ಮನೆ ಎಣಿಸುತ್ತಾ ಹೋಗುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೂ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಗೋಡೆಗಳ ಮೇಲಿನ ಬರಹಗಳಿಂದ. ಇಲ್ಲಿ ಉಗುಳಬಾರದು, ಸ್ತ್ರೀಯರಿಗೆ ಮಾತ್ರ, ಸಾಲಾಗಿ ಬನ್ನಿ. ಆದ್ದರಿಂದ ನಡುನಡುವೆ ಅಪ್ಪಣೆ ಕೊಟ್ಟಂತೆ ಬರೆದರೆ ಅದು ನನ್ನ ಸೊಕ್ಕಲ್ಲ, ನಿಮ್ಮ ಗೋಡೆಗಳು ಕಲಿಸಿದ ಪಾಠ.

ಗೋಡೆಗಾರ್ತಿ ಎಂದರೆ ಹಳೆಯ ಕಟ್ಟಡಗಳನ್ನು ತಟ್ಟಿ ನೋಡಿ, ಇದು ನಿಲ್ಲುತ್ತದೆ, ಇದು ಬೀಳುತ್ತದೆ ಎಂದು ಹೇಳುವವಳು. ಆ ಕೆಲಸ ನಿಮ್ಮಲ್ಲೂ ಇದ್ದಿರಬಹುದು. ನಿಮ್ಮಲ್ಲಿ ಇಲ್ಲದಿದ್ದದ್ದು ಕಣ್ತೆರೆ. ಅದು ರೆಪ್ಪೆಯ ಒಳಗೆ ಅಂಟಿಸುವ ತೆಳುಪೊರೆ. ನೋಡುವವರ ಮನಸ್ಸು ತಿಳಿದುಕೊಂಡು ಅದು ಅವರವರಿಗೆ ಬೇಕಾದ ಕಥೆ ಹೇಳುತ್ತದೆ. ಅಳು ಬಂದರೆ ಕಥೆ ದಾರಿ ಬದಲಿಸುತ್ತದೆ, ಬೇಸರವಾದರೆ ಹೊಸ ಪಾತ್ರ ಬರುತ್ತದೆ, ಮುಗಿಯುವುದಂತೂ ಇಲ್ಲವೇ ಇಲ್ಲ. ಒಂದೇ ಜಗಲಿಯ ಮೇಲೆ ಕೂತ ನಾಲ್ವರು ನಾಲ್ಕು ಕಥೆಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ನಗುತ್ತಾರೆ. ಒಬ್ಬರ ಕಥೆಯನ್ನು ಇನ್ನೊಬ್ಬರು ಕೇಳುವ ವಾಡಿಕೆಯಿಲ್ಲ.

ನೀವು ಹಾಗಿರಲಿಲ್ಲ. ಮೊದಲು ಬಯಲಿನಲ್ಲಿ ಬಟ್ಟೆಯ ಡೇರೆ ಹಾಕಿ, ಮರಳ ಮೇಲೆ ಕುಳಿತು ಎಲ್ಲರೂ ಒಂದೇ ಸಿನಿಮಾ ನೋಡಿದಿರಿ. ಆಮೇಲೆ ಕಲ್ಲು ಗಾರೆಯ ಚಿತ್ರಮಂದಿರಗಳು ಎದ್ದವು. ಈ ರಸ್ತೆಯ ಎರಡೂ ಬದಿಯಲ್ಲಿ ಅವು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದವು ಎಂದು ಅಡಿಪಾಯಗಳೇ ಹೇಳುತ್ತವೆ. ಹಳ್ಳಿಗಳಿಂದ ಬಂದವರು ಬಸ್ಸಿಳಿದು, ಕೈಚೀಲ ಕಂಕುಳಲ್ಲಿಟ್ಟುಕೊಂಡು ನೇರ ಇಲ್ಲಿಗೆ ಬರುತ್ತಿದ್ದರಂತೆ. ಮುಂದಿನ ಸಾಲು ಗಾಂಧಿ ಕ್ಲಾಸು, ಮೇಲೆ ಬಾಲ್ಕನಿ, ಹೆಂಗಸರಿಗೆ ಬೇರೆ ಕಿಟಕಿ. ನಾಯಕನ ಆಳೆತ್ತರ ಮೀರಿದ ಕಟೌಟಿಗೆ ಹೂವಿನ ಹಾರ, ಹಾಲಿನ ಅಭಿಷೇಕ. ಹಾಲು ಅಷ್ಟು ಧಾರಾಳವಾಗಿತ್ತು ಎಂದರೆ ನಮ್ಮವರು ಇಂದಿಗೂ ನಂಬುವುದಿಲ್ಲ. ಮೆಜೆಸ್ಟಿಕ್ ಎಂಬುದೇ ಒಂದು ಚಿತ್ರಮಂದಿರದ ಹೆಸರು. ಅದು ಹೋದ ಮೇಲೂ ಕಂಡಕ್ಟರುಗಳು ಆ ಹೆಸರನ್ನು ಕೂಗಿ ಕೂಗಿ ಉಳಿಸಿದರು. ಉಳಿದವುಗಳಲ್ಲಿ ಕೆಲವು ಕಲ್ಯಾಣಮಂಟಪವಾದವು, ಕೆಲವು ಗೋದಾಮಾದವು, ಹೆಚ್ಚಿನವು ಗಾಜಿನ ಅಂಗಡಿಗಳಾದವು. ಆ ಗಾಜೂ ಈಗಿಲ್ಲ. ನನ್ನ ಕಾಲಕ್ಕೆ ನಿಂತಿದ್ದದ್ದು ಚಂದ್ರಕಾಂತಿ ಟಾಕೀಸ್ ಒಂದೇ.

ಅದನ್ನು ಕೆಡವಬೇಕೆಂದು ಹೇಳಿದವನು ನೀರುಗಂಟಿ ಮುದ್ದಯ್ಯ. ಕೆರೆಯ ನೀರು ಹಂಚುತ್ತಿದ್ದವನನ್ನು ಹಿಂದೆ ಹಾಗೆ ಕರೆಯುತ್ತಿದ್ದರು. ಈಗ ಇಡೀ ಮೊಹಲ್ಲಾದ ಬಾಯಾರಿಕೆಯ ಹೊಣೆ ಹೊತ್ತವನಿಗೆ ಆ ಹೆಸರು. ಮುದ್ದಯ್ಯ ಕೆಟ್ಟವನಲ್ಲ. ಟಾಕೀಸಿನ ಇಳಿಜಾರು ನೆಲದಲ್ಲಿ ಮಳೆನೀರಿನ ಕೊಳ ತೋಡಿದರೆ ನಮ್ಮ ಹೆಂಗಸರು ಹಗಲೆಲ್ಲ ಕೊಡ ಹಿಡಿದು ನಿಲ್ಲುವುದು ತಪ್ಪುತ್ತದೆ. ನಾನೂ ಆ ಸಾಲಿನಲ್ಲಿ ನಿಲ್ಲುವವಳೇ. ಆದರೆ ನಮ್ಮಲ್ಲಿ ಕಡೆಬಳಕೆ ಎಂಬ ಕಟ್ಟಳೆಯಿದೆ. ಹಳೆಯ ಕಟ್ಟಡವನ್ನು ಕೆಡವುವ ಮೊದಲು, ಅದನ್ನು ಯಾವುದಕ್ಕಾಗಿ ಕಟ್ಟಿದ್ದರೋ ಅದಕ್ಕೆ ಒಂದು ಸಲ ಬಳಸಬೇಕು. ಹಳೆಯ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸಿದೆವು. ಹಳೆಯ ಹೋಟೆಲಿನಲ್ಲಿ ದೋಸೆ ಹುಯ್ದೆವು. ಚಂದ್ರಕಾಂತಿಯಲ್ಲಿ ಒಂದು ಸಿನಿಮಾ ತೋರಿಸಬೇಕಾಯಿತು.

ಮೇಲಿನ ಕೋಣೆಯಲ್ಲಿ ಯಂತ್ರವಿತ್ತು, ಗೂಡಿನಲ್ಲಿ ತಗಡಿನ ಡಬ್ಬಿಗಳಿದ್ದವು. ಹೇಗೋ ತಿರುಗಿಸಿದೆವು. ಕಣ್ತೆರೆ ತೆಗೆದಿಟ್ಟು ಬನ್ನಿ ಎಂದದ್ದಕ್ಕೆ ಜನ ಗೊಣಗಿದರು. ಕತ್ತಲಾದಾಗ ಪಕ್ಕದವರ ಉಸಿರು ಕೇಳಿ ಹೆದರಿದರು. ಆಮೇಲೆ ತೆರೆಯ ಮೇಲೆ ಒಬ್ಬ ತಂಗಿ ಬಂದಳು. ಅಣ್ಣನ ಮಾತು ಮೀರಿ ಮದುವೆಯಾದವಳು, ಗಂಡನನ್ನು ಕಳೆದುಕೊಂಡವಳು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಊರೂರು ನಡೆದು ಕೊನೆಗೆ ಅಣ್ಣನ ಮನೆಗೆ ಬರುತ್ತಾಳೆ. ಒಳಗೆ ದೀಪ ಉರಿಯುತ್ತಿದೆ, ಅಣ್ಣನ ನೆರಳು ಕಿಟಕಿಯಲ್ಲಿ ಓಡಾಡುತ್ತಿದೆ. ಅವಳು ಬಾಗಿಲು ತಟ್ಟಲು ಕೈ ಎತ್ತುತ್ತಾಳೆ. ಅಷ್ಟರಲ್ಲಿ ತೆರೆಯ ಮೇಲೆ ವಿರಾಮ ಎಂಬ ಅಕ್ಷರಗಳು ಮೂಡಿದವು, ಸುರುಳಿ ತೀರಿತು, ನಾವು ದೀಪ ಹಾಕಿದೆವು.

ನಮಗೇನು ಗೊತ್ತು? ಕಥೆಯನ್ನು ನಡುವೆ ನಿಲ್ಲಿಸಿ, ಕಡಲೆಕಾಯಿ ತಿಂದು, ಸೋಡಾ ಕುಡಿದು, ಗಂಟೆ ಹೊಡೆದಾಗ ಮತ್ತೆ ಒಳಗೆ ಹೋಗುವ ಜನ ಲೋಕದಲ್ಲಿದ್ದರು ಎಂದು ನಮಗೆ ಯಾರೂ ಹೇಳಿರಲಿಲ್ಲ. ಕಣ್ತೆರೆಯ ಕಥೆ ನಿಲ್ಲುವುದೇ ಇಲ್ಲವಲ್ಲ. ಹಳೆಯವರ ಕಥೆ ಹೀಗೇ ಮುಗಿಯುತ್ತಿತ್ತು ಎಂದುಕೊಂಡು ಎಲ್ಲರೂ ಎದ್ದು ಮನೆಗೆ ಹೋದರು. ಕಡೆಬಳಕೆ ಮುಗಿಯಿತು ಎಂದು ಮುದ್ದಯ್ಯ ಸಾರಿದ.

ಆದರೆ ಜನಕ್ಕೆ ಸಮಾಧಾನವಾಗಲಿಲ್ಲ. ನೀರಿನ ಸಾಲಿನಲ್ಲಿ ಯಾರೋ ಪಕ್ಕದವಳನ್ನು ಕೇಳಿದರು, ಅಣ್ಣ ಬಾಗಿಲು ತೆಗೆದನೇ ಎಂದು. ತೆಗೆಯುತ್ತಾನೆ ಎಂದಳು ಅವಳು. ಅಂಥವನು ಸತ್ತರೂ ತೆಗೆಯುವುದಿಲ್ಲ ಎಂದಳು ಹಿಂದಿನವಳು. ಕೊಡಗಳು ಪಕ್ಕಕ್ಕೆ ಸರಿದವು, ದನಿ ಏರಿತು. ನಾನು ಆ ಜಗಳವನ್ನು ಕೇಳುತ್ತಾ ನಿಂತೆ, ನನ್ನ ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಈ ಊರಿನಲ್ಲಿ ಇಬ್ಬರು ಒಂದೇ ಸಂಗತಿಯನ್ನು ನೋಡಿ ಜಗಳವಾಡಿದ್ದನ್ನು ನಾನು ಕಂಡಿರಲಿಲ್ಲ.

ಅದೇ ದಿನ ಗೂಡಿಗೆ ಮರಳಿ ಹೋಗಿ, ಅದೇ ಚಿತ್ರದ ಇನ್ನೊಂದು ಪ್ರತಿ ಇರಬೇಕೆಂದು ಮುಟ್ಟದೆ ಬಿಟ್ಟಿದ್ದ ಡಬ್ಬಿಗಳನ್ನು ತೆರೆದು ಸುರುಳಿಯನ್ನು ಬೆಳಕಿಗೆ ಹಿಡಿದೆ. ಅದರ ಮೊದಲ ಚೌಕದಲ್ಲೇ ಆ ಬಾಗಿಲು, ಆ ಎತ್ತಿದ ಕೈ. ಅಲ್ಲಿಗೇ ಮುಚ್ಚಿದೆ. ಸುದ್ದಿ ತಿಳಿದ ಮುದ್ದಯ್ಯ, ಅರ್ಧ ಬಳಕೆ ಬಳಕೆಯಲ್ಲ, ಉಳಿದದ್ದನ್ನೂ ತೋರಿಸಿ ಆಮೇಲೆ ಕೆಡವೋಣ ಎಂದ. ಆಗ ನನಗೆ ಹೊಳೆಯಿತು: ತೋರಿಸದಿದ್ದರೆ ಕೆಡವುವಂತಿಲ್ಲ. ಮುಂದಿನ ಹಬ್ಬಕ್ಕೆ ನೋಡೋಣ ಎಂದೆ. ಮೊಹಲ್ಲಾದ ಸಭೆ ಒಪ್ಪಿತು. ಆ ಹಬ್ಬ ಬಂದಾಗ ಮತ್ತೆ ಮುಂದಕ್ಕೆ ಹಾಕಿದೆವು. ಹೀಗೆ ಹನ್ನೊಂದು ವರ್ಷ ಚಂದ್ರಕಾಂತಿಯಲ್ಲಿ ವಿರಾಮವೇ ನಡೆದಿದೆ. ಸಂಜೆ ಜನ ಕಣ್ತೆರೆ ತೆಗೆದು ಜೇಬಿಗೆ ಹಾಕಿಕೊಂಡು ಬರುತ್ತಾರೆ, ಬರಿಯ ತೆರೆಯ ಮುಂದೆ ಕೂತು ಆ ಬಾಗಿಲಿನ ಬಗ್ಗೆ ವಾದ ಮಾಡುತ್ತಾರೆ. ಮುದ್ದಯ್ಯನೂ ಬರುತ್ತಾನೆ. ಅಣ್ಣ ಬಾಗಿಲು ತೆಗೆಯುತ್ತಾನೆ ಎನ್ನುವ ಪಕ್ಷ ಅವನದು. ನೀರಿಗೆ ಮಾತ್ರ ನಾವು ಇಂದಿಗೂ ಹಗಲೆಲ್ಲ ಸಾಲಿನಲ್ಲಿ ನಿಲ್ಲುತ್ತೇವೆ. ಯಾರೂ ನನ್ನನ್ನು ಬೈದಿಲ್ಲ.

ಈ ಬೇಸಿಗೆಯಲ್ಲಿ ಡಬ್ಬಿಗಳಿಂದ ಹುಳಿ ವಾಸನೆ ಬರತೊಡಗಿತು. ಸುರುಳಿ ಕೊಳೆಯುತ್ತಿದೆ, ಮುಂದಿನ ಬೇಸಿಗೆಗೆ ಅದು ಪುಡಿ. ಈಗ ತೋರಿಸಿದರೆ ಮಂದಿರ ಹೋಗುತ್ತದೆ. ಸುಮ್ಮನಿದ್ದರೆ ಕಥೆ ಹೋಗುತ್ತದೆ, ಮಂದಿರವನ್ನು ಇನ್ನೆಂದೂ ಯಾರೂ ಕೆಡವುವಂತಿಲ್ಲ. ನಿಜ ಹೇಳುತ್ತೇನೆ, ನನ್ನ ಮನಸ್ಸು ಎರಡನೆಯದರ ಕಡೆಗಿತ್ತು. ಗೋಡೆ ಉಳಿಸುವುದು ನನ್ನ ಕಸುಬು. ಹಾಗೆಂದು ನೆರೆಮನೆಯ ಸಾಕಮ್ಮಜ್ಜಿಯ ಹತ್ತಿರ ಹೇಳಿದೆ. ಅವರು ಆ ಮೊದಲ ದಿನ ಚಿತ್ರ ನೋಡಿದವರು, ಈಗ ಹಾಸಿಗೆ ಹಿಡಿದಿದ್ದಾರೆ. ಮಲಗಿದಲ್ಲಿಂದಲೇ ನನ್ನ ಕಡೆ ತಿರುಗಿ ಹೇಳಿದರು:

“ಗೋಡೆ ಇಟ್ಕೊಂಡು ಏನ್ ಮಾಡ್ತೀಯವ್ವ? ಆ ಹೆಣ್ಣುಮಗಳು ಮಗೀನ ಎತ್ಕೊಂಡು ಇಷ್ಟ್ ವರ್ಸದಿಂದ ಬಾಗ್ಲಲ್ಲೇ ನಿಂತವ್ಳೆ. ಅವಳ ಕೈ ನೋಯಕಿಲ್ವ?”

ನಾನು ಎದ್ದು ಬಂದುಬಿಟ್ಟೆ. ಇಷ್ಟು ವರ್ಷ ಆ ಬಾಗಿಲ ಬಗ್ಗೆ ಯೋಚಿಸಿದ್ದೆ, ಆ ಅಣ್ಣನ ಬಗ್ಗೆ ಯೋಚಿಸಿದ್ದೆ. ಅವಳ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಉಳಿದದ್ದನ್ನು ತೋರಿಸಿಬಿಡೋಣ ಎಂದು ಸಭೆಗೆ ತಿಳಿಸಿದ್ದೇನೆ. ನಾಳೆ ಬೆಳಿಗ್ಗೆ ಸಾಕಮ್ಮಜ್ಜಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದು ಗಾಂಧಿ ಕ್ಲಾಸಿನಲ್ಲಿ ಕೂರಿಸುತ್ತೇವೆ. ಅವರ ಪಕ್ಕಕ್ಕೆ ನಾನು, ಹಿಂದೆ ಮುದ್ದಯ್ಯ. ಅವನು ಗುದ್ದಲಿಯವರಿಗೆ ಹೇಳಿಟ್ಟಿದ್ದಾನೆ. ಮುಂದಿನ ಮಳೆಗೆ ಇಲ್ಲಿ ನೀರು ನಿಲ್ಲುತ್ತದೆ. ವಿರಾಮ ಮುಗಿಯಿತೆಂದು ಹೊಡೆಯುತ್ತಿದ್ದ, ಟಾಕೀಸಿನ ಗೋಡೆಯಲ್ಲಿ ಹುದುಗಿದ್ದ ಹಳೆಯ ಗಂಟೆಯನ್ನು ಉಜ್ಜಿ ಇಟ್ಟಿದ್ದೇನೆ. ಅದನ್ನು ನಾನೇ ಹೊಡೆಯುತ್ತೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಕಾಲದಲ್ಲಿ ಅಂಥದೊಂದು ಮಂದಿರ ಇನ್ನೂ ಉಳಿದಿದ್ದರೆ, ಒಂದು ಸಂಜೆ ಹೋಗಿ. ವಿರಾಮದಲ್ಲಿ ಹೊರಗೆ ಬನ್ನಿ, ಕಡಲೆಕಾಯಿ ತಿನ್ನಿ, ಮುಂದೇನಾಗುತ್ತದೆ ಎಂದು ಗುರುತಿಲ್ಲದವರ ಜೊತೆ ವಾದ ಮಾಡಿ. ಗಂಟೆ ಹೊಡೆದ ಮೇಲೆ ಹೊರಗೆ ನಿಲ್ಲಬೇಡಿ, ಒಳಗೆ ಹೋಗಿ. ಅಲ್ಲೊಬ್ಬಳು ಕೈ ಎತ್ತಿ ನಿಂತಿರುತ್ತಾಳೆ, ನೀವು ಬಂದು ಕೂರುವ ತನಕ ಅವಳು ಬಾಗಿಲು ತಟ್ಟುವಂತಿಲ್ಲ.

ಇಂತು,
ಚಿಕ್ಕತಾಯಿ