ಹಳದಿ ಕರಪತ್ರದ ಕಾಯಿಲೆ

ಅಚ್ಚುಮನೆಯ ಹಿಂದಿನ ಕೋಣೆ
ಹತ್ತನೇ ತಾರೀಖು, ಬುಧವಾರ, ಮಧ್ಯಾಹ್ನ

ಚಿರಂಜೀವಿ ಮಗರಾಯನಿಗೆ ಅಪ್ಪನ ಆಶೀರ್ವಾದ, ಈ ಸಲ ಸ್ವಲ್ಪ ಕಡಿಮೆ.

ಊಟ ಸರಿಯಾಗಿ ಮಾಡುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ಬಂದರಿನಲ್ಲಿ ಕ್ರೇನಿನ ಮೇಲೆ ಕೂತು ಹಡಗಿನ ಸರಕು ಎತ್ತುವವನು ತೂಕಡಿಸಬಾರದು, ಅದಕ್ಕೆ ಕೇಳಿದೆ. ನಿನ್ನಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನಗೆ ಕೆಮ್ಮು ಬಿಟ್ಟರೆ ಬೇರೇನೂ ಇಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಹಾಗಾಗಿ ಕಾಗದ.

ನಿನ್ನ ಆರು ಪುಟದ ಕಾಗದ ಸೋಮವಾರ ತಲುಪಿತು. ಆರರಲ್ಲಿ ಐದು ಪುಟ ಬರೀ ಪೀಠಿಕೆ. ಸಾಯುವವರೂ ಇಷ್ಟು ಉದ್ದ ಬರೆಯುವುದಿಲ್ಲ. ಕೊನೆಗೆ ವಿಷಯ ಇಷ್ಟು: ನಿನ್ನ ಗುಪ್ತಾಂಗದ ಚರ್ಮದಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ, ಬಿಳಿ ಹಳದಿ ಗುಳ್ಳೆಗಳು. ನೋವಿಲ್ಲ, ತುರಿಕೆಯಿಲ್ಲ, ಚರ್ಮ ಎಳೆದು ಹಿಡಿದರೆ ಮಾತ್ರ ಚೆನ್ನಾಗಿ ಕಾಣುತ್ತವೆ. ನೀನು ಎಳೆದು ಹಿಡಿದು ನೋಡಿದ್ದೀಯ, ಟಾರ್ಚು ಬಿಟ್ಟು ಎಣಿಸಿದ್ದೀಯ, ಮಹಾರೋಗ ಎಂದು ನೀನೇ ತೀರ್ಪು ಕೊಟ್ಟಿದ್ದೀಯ. ಹೆಂಡತಿಗೆ ಅಂಟೀತು ಎಂದು ಹೆದರಿ, ಕ್ವಾರ್ಟರ್ಸಿಗೆ ಸುಣ್ಣಬಣ್ಣ ಮಾಡಿಸುತ್ತಾರೆ ಎಂಬ ಸುಳ್ಳು ಹೇಳಿ ನಾಲ್ಕು ತಿಂಗಳ ಹಿಂದೆ ಅವಳನ್ನು ನಮ್ಮಲ್ಲಿಗೆ ಸಾಗಹಾಕಿದೆ. ಎರಡು ಕೋಣೆಗೆ ನಾಲ್ಕು ತಿಂಗಳು ಸುಣ್ಣ ಬಳಿಯಲು ಅದೇನು ಅರಮನೆಯೇ? ಅವಳು ಪೆದ್ದಿಯಲ್ಲ. ಬೆಳಿಗ್ಗೆ ಬಂದು ಪುಸ್ತಕ ಹೊಲಿಯುವ ಮೇಜಿನ ಮುಂದೆ ಕೂತರೆ ಸಂಜೆಯವರೆಗೂ ತಲೆ ಎತ್ತುವುದಿಲ್ಲ. ನಿನಗೆ ಬೇರೆ ಯಾರೋ ಇದ್ದಾರೆ, ಇಲ್ಲವೇ ತನ್ನನ್ನು ಕಂಡರೆ ನಿನಗೆ ಅಸಹ್ಯ, ಎರಡರಲ್ಲೊಂದು ಎಂದು ನಿಶ್ಚಯ ಮಾಡಿಕೊಂಡಿದ್ದಾಳೆ. ಈ ಭಾನುವಾರ ಅವಳಣ್ಣ ಬಂದು ಕರೆದುಕೊಂಡು ಹೋಗುತ್ತಾನೆ. ಮತ್ತೆ ಕಳಿಸುವ ಮಾತಿಲ್ಲ ಎಂದು ಅವನು ನನಗೆ ಹೇಳಿಯೂ ಆಗಿದೆ.

ನಿನ್ನೆ ನಾನು ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ನಿನ್ನ ವಯಸ್ಸಿನ ಹೆಣ್ಣುಮಗಳು. ಮಗನಿಗೆ ಹೀಗಾಗಿದೆ ಎಂದು ನಿನ್ನ ವರ್ಣನೆಯನ್ನೆಲ್ಲ ಒಪ್ಪಿಸಿದೆ. ಆಕೆ ಪೆನ್ನು ಕೆಳಗಿಟ್ಟು, "ಎಲ್ಲರೂ ಮಗನಿಗೆ, ಗೆಳೆಯನಿಗೆ ಅಂತಾನೇ ಬರ್ತಾರೆ. ಪರದೆ ಹಿಂದೆ ಹೋಗಿ" ಎಂದರು. ಇಲ್ಲಮ್ಮ, ನಿಜವಾಗಿಯೂ ಮಗನಿಗೇ ಎಂದಷ್ಟೂ ನರ್ಸಿನ ಮುಖದಲ್ಲಿ ಕನಿಕರ ಹೆಚ್ಚಿತು. ಅರವತ್ತಮೂರು ವರ್ಷದ ಮಾನವನ್ನು ಗೋಡೆಯ ಮೊಳೆಗೆ ನೇತುಹಾಕಿ, ನಿನ್ನ ದೆಸೆಯಿಂದ ಆ ಮಂಚದ ಮೇಲೆ ಮಲಗಿದೆ. ಡಾಕ್ಟರು ದೀಪ ಹಿಡಿದು ನೋಡಿ, "ಇದೆ, ಇಲ್ಲೇ ಇದೆಯಲ್ಲ" ಎಂದರು. ನನಗೂ ಇದೆ ಮಾರಾಯ, ಅದೇ ಬಿಳಿ ಹಳದಿ ಚುಕ್ಕಿ, ಸಾಲುಸಾಲಾಗಿ. ಪ್ರಾಯದಿಂದ ನನ್ನ ಜೊತೆಗೇ ಇದ್ದವು, ನಾನು ಪರಿಚಯ ಮಾಡಿಕೊಂಡಿರಲಿಲ್ಲ ಅಷ್ಟೆ. ನನಗೆ ದುಡಿಮೆ ಇತ್ತು.

ಅವು ಚರ್ಮದೊಳಗಿನ ಎಣ್ಣೆಯ ಗ್ರಂಥಿಗಳಂತೆ. ಕೂದಲಿಲ್ಲದ ಕಡೆ ಮೇಲೆ ಕಾಣುತ್ತವೆ, ಅನೇಕರಿಗೆ ತುಟಿಯ ಮೇಲೂ ಇರುತ್ತವೆ. ರೋಗವಲ್ಲ, ಅಂಟುವುದಿಲ್ಲ, ಔಷಧ ಬೇಕಿಲ್ಲ. ಕಣ್ಣಿಗೆ ಸಹಿಸದಿದ್ದರೆ ಡಾಕ್ಟರೇ ಸುಟ್ಟು ತೆಗೆಯಬಲ್ಲರು, ಆದರೆ ಕಲೆ ಉಳಿಯಬಹುದು, ಸುಮ್ಮನಿರುವುದೇ ಲೇಸು ಎಂದರು. ಗುಳ್ಳೆ ಬೆಳೆಯುತ್ತಾ ಹೂಕೋಸಿನ ಹಾಗೆ ಆದರೆ, ನಡುವೆ ಕುಳಿ ಬಿದ್ದರೆ, ಹುಣ್ಣಾದರೆ, ರಕ್ತ ಬಂದರೆ ಅದು ಬೇರೆ ಮಾತು, ತೋರಿಸಲೇಬೇಕು. ಆದರೂ "ನಿಮ್ಮ ಮಗನದನ್ನ ನೋಡದೆ ನಾನು ಹೇಳಲ್ಲ, ಒಮ್ಮೆ ತೋರಿಸ್ಲಿ" ಎಂದರು. ಕಲಿತವರ ಲಕ್ಷಣ ಅದು. ನೋಡದೆಯೇ ಹೇಳಿದವನು ನಿನಗೆ ಸಿಕ್ಕಿದ ಮುಲಾಮು ಪಂಡಿತ. ಬಾಟಲಿಯಲ್ಲಿ ಉರಿಯುವ ನೀರು ತುಂಬಿ ಕೊಟ್ಟ, ನೀನು ದಿನಕ್ಕೆ ಎರಡು ಸಲ ಹಚ್ಚಿದೆ. ಈಗ ಚರ್ಮ ಸುಲಿದು ಕೆಂಪಾಗಿದೆ ಎಂದು ನೀನೇ ಬರೆದಿದ್ದೀಯ, ಅದನ್ನೂ ರೋಗದ ಖಾತೆಗೇ ಹಾಕಿದ್ದೀಯ. ಮಂಗನ ಹುಣ್ಣು ಬ್ರಹ್ಮರಾಕ್ಷಸ ಆಯಿತು ಎನ್ನುತ್ತಾರಲ್ಲ, ನಿನ್ನದು ಅದಕ್ಕಿಂತ ಕೀಳು. ಮಂಗಕ್ಕೆ ಕೆರೆಯಲು ನಿಜವಾದ ಹುಣ್ಣಾದರೂ ಇತ್ತು. ಆ ಬಾಟಲಿಯನ್ನು ಎಸೆ, ಬರೀ ನೀರಿನಲ್ಲಿ ತೊಳೆ, ಬೇರೇನೂ ಹಚ್ಚಬೇಡ, ಈ ಕಾಗದ ಕೈಸೇರಿದ ದಿನವೇ ದೊಡ್ಡಾಸ್ಪತ್ರೆಗೆ ಹೋಗು.

ಸಾಕ್ಷಿಯೆಂದು ನೀನು ಕಾಗದದೊಳಗೆ ಇಟ್ಟು ಕಳಿಸಿದ ಹಳದಿ ಕರಪತ್ರದ ವಿಚಾರಕ್ಕೆ ಬರುತ್ತೇನೆ. ಅದರಲ್ಲಿ ಒಬ್ಬ ಶಾಲಾ ಮಾಸ್ತರ ಹೇಳಿಕೆ ಇದೆ: ಇಪ್ಪತ್ತೊಂದು ದಿನದಲ್ಲಿ ಗುಣವಾಯಿತು, ಮುಳುಗುತ್ತಿದ್ದ ಸಂಸಾರ ದಡ ಸೇರಿತು. ಅದನ್ನು ಓದಿಯೇ ಧೈರ್ಯ ಬಂತು ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೀಯ. ಆ ಪಂಡಿತ ಊರೂರಿನ ಲಾಡ್ಜಿನಲ್ಲಿ ಎರಡೆರಡು ದಿನ ಠಿಕಾಣಿ ಹೂಡುವವನು, ಕರಪತ್ರ ಅಚ್ಚು ಹಾಕಿಸುವುದು ನಮ್ಮಲ್ಲೇ. ಪುಟ ಜೋಡಿಸಿದಾಗ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಉಳಿಯಿತು. ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಏನಾದರೂ ತುಂಬಿಸಿ ಎಂದ ಪಂಡಿತ, ತುಂಬಿಸಿದೆ. ಆ ಮಾಸ್ತರ ನಾನೇ. ಚಹಾ ಆರುವ ಮುಂಚೆ ಬರೆದು ಮುಗಿಸಿದ್ದೆ, ಓದಿ ನಕ್ಕಿದ್ದೆ ಕೂಡ. ಇದನ್ನು ನಂಬುವ ಬೃಹಸ್ಪತಿ ಎಲ್ಲಾದರೂ ಇದ್ದಾನೆಯೇ ಎಂದುಕೊಂಡಿದ್ದೆ. ನನ್ನ ಮನೆಯಲ್ಲೇ ಹುಟ್ಟಿದ್ದ. ಮಾಡಿದ್ದುಣ್ಣೋ ಮಹರಾಯ. ಎರಡು ದಿನದಿಂದ ನಿನ್ನನ್ನು ಎಷ್ಟು ಬೈದುಕೊಂಡಿದ್ದೇನೋ ಅದರ ಎರಡರಷ್ಟು ನನ್ನನ್ನು ಬೈದುಕೊಂಡಿದ್ದೇನೆ. ಇನ್ನಷ್ಟು ಕರಪತ್ರ ಬೇಕೆಂದು ನಿನ್ನೆ ಆ ಪಂಡಿತ ಬಂದಿದ್ದ. ಆ ಪುಟದ ಅಚ್ಚುಫಲಕವನ್ನು ಅವನೆದುರಿಗೇ ಒಡೆದು, ಚೂರುಗಳನ್ನು ಅವನ ಕೈಗೇ ಕೊಟ್ಟು ಕಳಿಸಿದೆ.

ನಾನು ಬೈದದ್ದಕ್ಕೆ ಕೊರಗಬೇಡ. ನಿನಗೇನೂ ಆಗಿರಲಾರದು ಎಂದು ತಿಳಿದಾಗ ಡಾಕ್ಟರ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ, ಇದನ್ನು ನಿನ್ನಮ್ಮನಿಗೆ ಹೇಳಬೇಡ. ಅವಳು ನಿನ್ನನ್ನು ಕೇಳಿದ್ದಾಗಿ ತಿಳಿಸಲು ಹೇಳಿದ್ದಾಳೆ. ನೂರು ವರ್ಷ ಬಾಳು, ಆದಷ್ಟು ಬುದ್ಧಿಯಿಂದ.

ಇಂತಿ,
ಸುಳ್ಳು ಮಾಸ್ತರನೂ ನಿನ್ನ ತಂದೆಯೂ ಆದ
ಅಪ್ಪ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೆಂಡತಿಗೆ ಮಾತ್ರ ಹೇಳಬೇಡಿ ಎಂದು ನೀನು ಮೂರು ಸಲ ಬರೆದಿದ್ದೆ. ಈ ಕಾಗದವನ್ನೂ ನಿನ್ನ ಕಾಗದವನ್ನೂ ಈಗಷ್ಟೇ ಅವಳ ಕೈಗೆ ಕೊಟ್ಟೆ. ನಿಂತಲ್ಲೇ ಎರಡನ್ನೂ ಓದಿದಳು. ನಗಲಿಲ್ಲ, ಅಳಲಿಲ್ಲ. ಮಡಚಿ ನನಗೆ ವಾಪಸು ಕೊಟ್ಟು ಕೇಳಿದ್ದು ಒಂದೇ ಮಾತು: "ಇದನ್ನ ನನಗೆ ಹೇಳೋಕೆ ಅವರಿಗೆ ಅಪ್ಪ ಬೇಕಾಯ್ತಾ ಮಾವ?" ಅವಳ ಪೆಟ್ಟಿಗೆ ಕಟ್ಟಿಯಾಗಿದೆ. ಶನಿವಾರದ ರೈಲಿಗೆ ಹೊರಟು ಬಾ, ಉತ್ತರ ನೀನೇ ಹೇಳು.