ಅಕ್ಕನ ಮಾತು ಎಕ್ಸ್‌ಪೋರ್ಟ್ ಆಗುತ್ತಿದೆ

ಜನವರಿ 9, ಬೆಳಿಗ್ಗೆ

ಅಕ್ಕನ ಪಾಠದ ವಿಡಿಯೊ ಇವತ್ತೂ ಅರ್ಧಕ್ಕೇ ನಿಂತಿದೆ. ಪರದೆ ಮೇಲಿನ ನೀಲಿ ಪಟ್ಟಿ ಮುಂದೆ ಹೋಗುವ ಲಕ್ಷಣವೇ ಇಲ್ಲ. ಲ್ಯಾಪ್‌ಟಾಪ್ ಬುಸುಗುಡುತ್ತಿದೆ. ತೊಡೆ ಮೇಲಿಟ್ಟುಕೊಂಡರೆ ಇಸ್ತ್ರಿಪೆಟ್ಟಿಗೆ.

ಅಕ್ಕ ಆಗಲೇ ಸ್ನಾನ ಮುಗಿಸಿ, ತಲೆ ಬಾಚಿಸಿಕೊಂಡು, ಟಿವಿ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ. "ಇನ್ನೊಂದು ಸ್ವಲ್ಪ ಹೊತ್ತು ಅಕ್ಕಾ" ಅಂದೆ. ಲ್ಯಾಪ್‌ಟಾಪ್ ಕಡೆ ನೋಡಿದಳು. ಒಂದಕ್ಷರ ತೊದಲದೆ ಹೇಳಿದಳು — "ಥೂ, ದರಿದ್ರ."

ಅದೊಂದು ಚೆನ್ನಾಗಿ ಬರುತ್ತದೆ. ಸ್ಟ್ರೋಕ್ ಆದ ಮೇಲೆ ಅಕ್ಕನ ಬಾಯಲ್ಲಿ ಉಳಿದಿರುವುದು ಬೈಗುಳ ಮಾತ್ರ. ನೀರು ಅನ್ನಲು ಬರುವುದಿಲ್ಲ, ನನ್ನ ಹೆಸರು ಬರುವುದಿಲ್ಲ. ದರಿದ್ರ, ಕತ್ತೆ, ಹಾಳಾಗ್ಹೋಗ... ಇವೆಲ್ಲ ಹೂವು ಉದುರಿದ ಹಾಗೆ. ಸ್ಪೀಚ್ ಥೆರಪಿ ಮೇಡಂ ಹೇಳಿದರು, ಬೈಗುಳ ಮೆದುಳಿನಲ್ಲಿ ಬೇರೆಯೇ ದಾರಿ ಹಿಡಿದು ಬರುತ್ತದಂತೆ. ನಮ್ಮಕ್ಕನದು ಮೊದಲಿಂದಲೂ ಹೆದ್ದಾರಿ.

ಈ ವಿಡಿಯೊ ಪಾಠ ಮೇಡಂದೇ ಉಪಾಯ. ಗುರುತಿರುವವರು ಒಂದೊಂದು ಪದ ಹೇಳುವುದು, ಹತ್ತಿರದಿಂದ ಬಾಯಿ ಮಾತ್ರ ಫೋನಿನಲ್ಲಿ ಶೂಟ್ ಮಾಡುವುದು. ಅಕ್ಕ ನೋಡುತ್ತ ಜೊತೆಗೇ ಬಾಯಿ ಆಡಿಸಬೇಕು. ನಿನ್ನೆ ಯಾವ ಪದಕ್ಕೆ ತಡಕಾಡಿದಳೋ ಅದು ಇವತ್ತು ಬೆಳಿಗ್ಗೆಯೇ ಸಿಗಬೇಕು. "ಮೊದಲ ಕೆಲವು ತಿಂಗಳು ಬಿಡಲೇಬೇಡಿ" ಅಂದಿದ್ದಾರೆ.

ನಾನು ಮದುವೆ ಕ್ಯಾಮೆರಾದವನು. ಶೂಟ್ ಮಾಡಿ ಕಾರ್ಡ್ ಕೊಟ್ಟರೆ ಮುಗಿಯಿತು. ಮಿಕ್ಕಿದ್ದೆಲ್ಲ, ಟಿವಿಗೆ ಹಾಕುವ ಫೈಲಾಗಿ ಎಕ್ಸ್‌ಪೋರ್ಟ್ ಮಾಡುವ ತನಕ, ಸ್ಟುಡಿಯೊದಲ್ಲಿ ನಮ್ಮ ಎಡಿಟರ್ ನೋಡಿಕೊಳ್ಳುತ್ತಾನೆ — ದಿನವಿಡೀ ಕತ್ತರಿಸುವುದರಿಂದ ಎಲ್ಲರ ಬಾಯಲ್ಲೂ ಅವನು 'ಕಟಿಂಗ್'. ಮನೆಯಲ್ಲಿ ನಾನೂ, ಈ ಹಳೇ ಲ್ಯಾಪ್‌ಟಾಪೂ. ಒಬ್ಬರಿಗೊಬ್ಬರು ತಕ್ಕ ಜೋಡಿ.

ಪಟ್ಟಿ ಒಂದು ಕೂದಲೆಳೆ ಮುಂದೆ ಹೋಯಿತು. ಅಥವಾ ನನ್ನ ಭ್ರಮೆ.

ಜನವರಿ 12

ಇನ್ನೇನು ಮುಗಿಯಿತು ಅನ್ನುವಾಗ — ಡಿಸ್ಕ್ ಫುಲ್. ಎಕ್ಸ್‌ಪೋರ್ಟ್ ಫೇಲ್ಡ್. ಮತ್ತೆ ಮೊದಲಿಂದ.

ಅಕ್ಕ ಬೆಳಗಿನಿಂದ ಕಾದಿದ್ದಳು. ಎದ್ದಳು. ಎಡಗೈಯಿಂದ ಕುರ್ಚಿ ಎಳೆದುಕೊಂಡು ತನ್ನ ಹೊಲಿಗೆ ಮೆಷಿನ್ ಮುಂದೆ ಹೋಗಿ ಕೂತಳು. ಹೊಲಿಯಲಿಲ್ಲ, ಬಲಗೈ ಇನ್ನೂ ಏಳುವುದಿಲ್ಲ. ಬೈಯಲೂ ಇಲ್ಲ.

ಬೈದಿದ್ದರೆ ಎಷ್ಟೋ ವಾಸಿ.

ಜನವರಿ 20

ಬರೆಯಲು ಮನಸ್ಸಾಗಲಿಲ್ಲ. ಅಕ್ಕ ಟಿವಿ ಮುಂದೆ ಕೂರುತ್ತಿಲ್ಲ. ಮೇಡಂ ಬಂದಾಗಲೂ ಗೋಡೆ ನೋಡುತ್ತಾಳೆ.

ಹೆಂಡತಿ ಮೆಡಿಕಲ್ ಶಾಪ್‌ನಿಂದ ಬಂದವಳೇ ಚಪ್ಪಲಿ ಬಿಡುತ್ತ ಕೇಳಿದಳು, "ಇವತ್ತೂ ಕೂರ್ಲಿಲ್ವಾ?"

"ಇಲ್ಲ. ನನ್ನ ಮೇಲೆ ಕೋಪ."

"ನಿಮ್ಮ ಮೇಲಲ್ಲ ರೀ. ಸೋಮವಾರ ಅಕ್ಕ ಕತ್ತರಿ ಬೇಕು ಅಂತ ಒದ್ದಾಡಿದ್ರು. ನೀವು ಕತ್ತರಿ ವಿಡಿಯೊ ತೋರಿಸಿದ್ದು ಗುರುವಾರ. ಅಷ್ಟೊತ್ತಿಗೆ ಅವ್ರಿಗೆ ಕತ್ತರೀನೂ ಬೇಡ, ನಾವೂ ಬೇಡ. ಹಸಿದಾಗ ಊಟ ಹಾಕ್ದೆ, ನಿದ್ದೆ ಬಂದಾಗ ತಟ್ಟೆ ಇಟ್ರೆ ಯಾರಿಗೆ ಸೇರತ್ತೆ?"

ಎಷ್ಟು ನೆಟ್ಟಗೆ ಹೇಳಿದಳು. ಇಡೀ ದಿನ ನಿಂತೇ ಕೆಲಸ ಮಾಡಿ ಬಂದವಳು ಅದನ್ನೂ ಗಮನಿಸಿದ್ದಾಳೆ.

"ಆ ಕಟಿಂಗ್‌ನ ಕರೀರಿ. ಸಂಕೋಚ ಏನು?"

ಕರೆದೆ. "ನಾಳೆ ಬರ್ತೀನಿ, ತಿಂಡಿ ಏನಾದ್ರೂ ಇಟ್ಟಿರು" ಅಂದ.

ಜನವರಿ 21, ಮಧ್ಯಾಹ್ನ

ಕಟಿಂಗ್ ಬಂದು ಹೋದ. ಮರೆಯುವ ಮೊದಲು ಬರೆದಿಡುತ್ತೇನೆ.

ಬಂದವನು ಮೊದಲು ಲ್ಯಾಪ್‌ಟಾಪ್ ಮುಟ್ಟಿ ನೋಡಿದ, ಮಗುವಿನ ಹಣೆ ಮುಟ್ಟಿದ ಹಾಗೆ. "ಇದಕ್ಕೆ ಜ್ವರ ಕಣೋ." ತಿರುಗಿಸಿ, ಸ್ಕ್ರೂ ಬಿಚ್ಚಿ, ಹಿಂದಿನ ಮುಚ್ಚಳ ತೆಗೆದ. ಫ್ಯಾನ್ ಕಾಣಲಿಲ್ಲ. ಅದರ ಜಾಗದಲ್ಲಿ ನೀಲಿ ಬಣ್ಣದ ಒಂದು ಸಣ್ಣ ದಿಂಬು. ಸ್ಕೂಲ್ ಯೂನಿಫಾರ್ಮ್ ಬಟ್ಟೆಯ ನೂಲು, ದಾರ, ಧೂಳು. ಅಕ್ಕನ ಹೊಲಿಗೆ ಕೋಣೆಯಲ್ಲೇ ಅಲ್ಲವೇ ಇಷ್ಟು ವರ್ಷ ಇದು ಇದ್ದದ್ದು.

"ಅಕ್ಕಾ, ನೋಡಿಲ್ಲಿ! ನೀವು ಲ್ಯಾಪ್‌ಟಾಪ್‌ಗೂ ಯೂನಿಫಾರ್ಮ್ ಹೊಲ್ದಿದೀರಾ!"

ಅಕ್ಕ ತಿರುಗಿದಳು. ಎದ್ದು ಬಂದು ಆ ನೀಲಿ ಉಂಡೆಯನ್ನು ಬೆರಳಲ್ಲಿ ಎತ್ತಿ ನೋಡಿದಳು. ತುಟಿಯ ತುದಿ ಅಲುಗಿತು. ಎಷ್ಟು ದಿನವಾಗಿತ್ತು ಅದು ಅಲುಗಿ.

ಬ್ರಷ್ ಹಾಕಿ ಗುಡಿಸಿದ. ಆಮೇಲೆ ನನ್ನ ಪ್ರಾಜೆಕ್ಟ್ ತೆಗೆದು ತಲೆ ಚಚ್ಚಿಕೊಂಡ.

"ಬಾಯಿ ತೋರಿಸೋಕೆ ಫೋರ್ ಕೆ ಯಾಕೋ, ಸಿನಿಮಾ ತೆಗೀತಿದೀಯಾ? ನಿಮ್ಮ ಟಿವಿ ಇರೋದೇ ಇಷ್ಟಗಲ. ಫೋನಲ್ಲೇ ಫುಲ್ ಎಚ್‌ಡಿಗೆ ಇಳಿಸು."

ಇಳಿಸಿದೆ. ಕ್ಯಾಮೆರಾದವನ ಜಂಬ, ಇನ್ನೇನು.

"ಇದೇನಿದು, ಸ್ಲೋ ಮೋಷನ್?"

"ಬಾಯಿ ಆಡೋದು ಅಕ್ಕನಿಗೆ ನಿಧಾನವಾಗಿ ಕಾಣ್ಲಿ ಅಂತ."

"ಇಲ್ಲದಿರೋ ಫ್ರೇಮ್‌ಗಳ್ನೆಲ್ಲ ಇದು ಹೊಸದಾಗಿ ಹುಟ್ಟಿಸ್ತಾ ಕೂತಿದೆ. ಜ್ವರ ಬರದೆ ಇನ್ನೇನು? ಎಫೆಕ್ಟ್ ತೆಗಿ. ನಿನ್ನ ಹೆಂಡ್ತಿಗೇ ನಿಧಾನವಾಗಿ ಮಾತಾಡು ಅನ್ನು."

"ನೀನೇ ಹೇಳಿ ನೋಡು."

ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಎನ್‌ಕೋಡಿಂಗ್ ಅನ್ನುವ ಕಡೆ 'ಸಾಫ್ಟ್‌ವೇರ್' ಅಂತಿತ್ತು. ಅದನ್ನು 'ಹಾರ್ಡ್‌ವೇರ್' ಮಾಡಿದ. "ವಿಡಿಯೊ ಕೆಲಸಕ್ಕೇ ಅಂತ ಒಳಗೆ ಬೇರೆ ಆಳು ಕೂತಿದಾನೆ. ಅವನನ್ನ ಕರೀದೆ ಎಲ್ಲಾನೂ ಯಜಮಾನನ ಕೈಲೇ ಮಾಡಿಸ್ತಿದೀಯಲ್ಲೋ." ಡಿಸ್ಕ್‌ನಲ್ಲಿ ತುಂಬಿದ್ದ ಹಳೇ ಮದುವೆಗಳನ್ನೆಲ್ಲ ತಾನು ತಂದ ಎಸ್‌ಎಸ್‌ಡಿ ಅನ್ನುವ ಪುಟ್ಟ ಡಿಸ್ಕ್‌ಗೆ ಹಾಕಿ, ಆ ಎಸ್‌ಎಸ್‌ಡಿಯನ್ನೂ ಇಲ್ಲೇ ಬಿಟ್ಟ. "ಕೆಲಸ ಇದರ ಮೇಲೇ ಮಾಡು. ನನಗೆ ಸದ್ಯಕ್ಕೆ ಬೇಡ." ಬೇಡ ಅನ್ನುವುದು ಸುಳ್ಳು. ನನಗೆ ಗೊತ್ತು. ಇನ್ನೊಂದು ಮಾತು — ಎಲ್ಲ ಪದ ಸೇರಿಸಿ ದಿನಾ ಉದ್ದದ ಫೈಲ್ ಯಾಕೆ ಮಾಡುತ್ತೀಯ, ಹೊಸ ಪದ ಅಷ್ಟೇ ಬೇರೆಯಾಗಿ ತೆಗಿ ಅಂದ. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ.

ಕೊನೆಗೆ, "ಚಾರ್ಜರ್ ಎಲ್ಲಿ? ಬ್ಯಾಟರಿ ಮೇಲೆ ಬಿಟ್ರೆ ಇದು ಅರೆಹೊಟ್ಟೇಲಿ ದುಡಿಯತ್ತೆ, ಓಡಲ್ಲ."

ಮೇಜಿನ ಹತ್ತಿರ ಇರುವುದು ಒಂದೇ ಪ್ಲಗ್ ಪಾಯಿಂಟ್. ಅದರಲ್ಲಿ ಅಕ್ಕನ ಮೆಷಿನ್ ವೈರ್. ಆಸ್ಪತ್ರೆಗೆ ಹೋದ ದಿನದಿಂದ ಹಾಗೇ ಇದೆ. ನಾನಾಗಲಿ ಹೆಂಡತಿಯಾಗಲಿ ಅದನ್ನು ಕಿತ್ತಿಲ್ಲ. ಹೇಗೆ ಕೀಳುವುದು? ಆ ಮೆಷಿನ್ ತುಳಿದು ಅಕ್ಕ ನನ್ನನ್ನು ಓದಿಸಿದ್ದು. ಕರೆಂಟಿನ ಮೋಟರು ಬಂದದ್ದು ಆಮೇಲೆ. ನನ್ನ ಮೊದಲ ಕ್ಯಾಮೆರಾ ಚೀಲ ಹೊಲಿದದ್ದೂ ಅದೇ.

ಚಾರ್ಜರ್ ಕೈಲಿ ಹಿಡಿದು ನಿಂತೆ. ಕಟಿಂಗ್ ಕೂಡ ಆ ವೈರ್ ಮುಟ್ಟಲಿಲ್ಲ.

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. ಬಗ್ಗಿದಳು. ಎಡಗೈಯಿಂದ ಮೆಷಿನ್ ವೈರ್ ಕಿತ್ತು ಪಕ್ಕಕ್ಕಿಟ್ಟಳು. ನನ್ನ ಕೈಲಿದ್ದ ಚಾರ್ಜರ್ ತೋರಿಸಿ, ಪ್ಲಗ್ ಪಾಯಿಂಟ್ ತೋರಿಸಿ —

"ಕತ್ತೆ."

ಹಾಕಿದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪಿತು.

ಜನವರಿ 22, ಬೆಳಿಗ್ಗೆ

ಕಾಫಿ ಬಟ್ಟಲು ಕೆಳಗಿಡುವಷ್ಟರಲ್ಲಿ ಎಕ್ಸ್‌ಪೋರ್ಟ್ ಮುಗಿದಿದೆ. ನಂಬಲಾಗದೆ ಫೈಲ್ ತೆಗೆದು ನೋಡಿದೆ. ಇದೆ. 'ನೀರು.' ಹೆಂಡತಿಯ ಬಾಯಿ, ನಿಧಾನ... ಮದುವೆಯಾದ ಮೇಲೆ ಅವಳು ಇಷ್ಟು ನಿಧಾನವಾಗಿ ಮಾತಾಡಿದ್ದು ಇದೇ ಮೊದಲು.

ಅಕ್ಕ ತಾನೇ ಬಂದು ಟಿವಿ ಮುಂದೆ ಕೂತಳು. "ನೀ..." ತನಕ ಬಂತು.

ದೇವರಿಗೆ, ಕಟಿಂಗ್‌ಗೆ, ಒಳಗೆ ಕೂತಿರುವ ಆ ಬೇರೆ ಆಳಿಗೆ — ಯಾರಿಗೆ ಕೈ ಮುಗಿಯಲಿ ತಿಳಿಯುತ್ತಿಲ್ಲ. ಎಲ್ಲರಿಗೂ ಮುಗಿದೆ.

ಫೆಬ್ರವರಿ 2

"ಬೇರೆ ಬೇರೆ ಬಾಯಿ ಇದ್ರೆ ಇನ್ನೂ ಒಳ್ಳೇದು" ಅಂದರು ಮೇಡಂ. ಹೇಳಿದ್ದೇ ತಡ, ಬಾಯಿಗಳ ಮೆರವಣಿಗೆ. ಅಕ್ಕನ ಗಿರಾಕಿಗಳು ಒಬ್ಬೊಬ್ಬರೇ ಬಂದು, ಕಿಟಕಿ ಬೆಳಕಿಗೆ ಕೂತು, ಒಂದೊಂದು ಪದ ಹೇಳಿ ಹೋಗುತ್ತಾರೆ. ಗುಂಡಿ. ಜೇಬು. ಬಾಗಿಲು. ಹೊಲಿಯಲು ಕೊಟ್ಟ ಬಟ್ಟೆಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಬಾಯಿ ಶೂಟ್ ಅಂತ ಹಲ್ಲುಜ್ಜಿ ಬಂದಿದ್ದರು, ಮಧ್ಯಾಹ್ನ!

ನಿನ್ನೆ ಮೂಲೆ ಬೇಕರಿಯವರು. ಪದ: 'ಬಿಸಿ'. ಶೂಟ್ ಮಾಡಿದೆ, ಎಕ್ಸ್‌ಪೋರ್ಟ್ ಮಾಡಿದೆ, ಅವರು ನೀರು ಕುಡಿದು ಏಳುವಷ್ಟರಲ್ಲಿ ಟಿವಿಯಲ್ಲಿ ಹಾಕಿದೆ.

ಬಾಯಿ ಕಾಣುತ್ತಲೇ ಇಲ್ಲ. ಅಷ್ಟಗಲ ಪರದೆಗೂ ಮೀಸೆ. ಮೀಸೆ ಏಳುತ್ತದೆ, ಇಳಿಯುತ್ತದೆ, ಒಳಗೆಲ್ಲೋ 'ಬಿಸಿ' ಕೇಳಿಸುತ್ತದೆ.

ಅಕ್ಕ ನಕ್ಕಳು. ಮೊದಲು ಭುಜ, ಆಮೇಲೆ ಹೊಟ್ಟೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೇಕರಿಯವರು ಏನಾಯಿತೆಂದು ತಿಳಿಯದೆ ಪಿಳಿಪಿಳಿ. ಅಕ್ಕ ಪರದೆಗೆ ಬೆರಳು ತೋರಿಸಿದಳು.

"ಮೀ... ಮೀ... ಮೀಸೆ!"

ಒಳಗಿನಿಂದ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. "ಏನಂದ್ರು? ಅಕ್ಕ ಏನಂದ್ರು?"

"ಮೀಸೆ" ಅಂದಳು ಅಕ್ಕ, ಇನ್ನೊಮ್ಮೆ, ಇಷ್ಟೂ ತಿಳಿಯುವುದಿಲ್ಲವೇ ಅನ್ನುವ ಹಾಗೆ.

ಬೇಕರಿಯವರು ಮೀಸೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು. ದೊಡ್ಡ ಆಳು. ಅಳುತ್ತಿದ್ದರು. "ಬೋಳಿಸ್ಬೇಕು ಅಂತಿದ್ದೆ ಕಣಮ್ಮಾ, ಈ ಬೇಸಿಗೇಲಿ. ಇನ್ನು ಬೋಳಿಸಲ್ಲ ಬಿಡಿ."

ಫೆಬ್ರವರಿ 3

ಇವತ್ತು ಅಕ್ಕನ ಬಾಯಲ್ಲಿ ಮೇಡಂಗೂ ಮೀಸೆ, ನನ್ನ ಹೆಂಡತಿಗೂ ಮೀಸೆ, ಬೆಕ್ಕಿಗೂ ಮೀಸೆ. ಬೆಕ್ಕಿನದು ಮಾತ್ರ ಸರಿ.

ಫೆಬ್ರವರಿ 19

ಅಕ್ಕನಿಗೆ ಮೈ ಸರಿಯಿರಲಿಲ್ಲ. ಬಿಪಿ ಏರಿತ್ತು. ಡಾಕ್ಟರ್ ಮಾತ್ರೆ ಬದಲಾಯಿಸಿದರು. ಸ್ವಲ್ಪ ದಿನ ಪಾಠ ಬೇಡ ಅಂದರು. ಬಂದ ಪದಗಳೂ ಹೋದವೇನೋ ಎಂಬ ಭಯ. ಹೆಂಡತಿ ನನಗೆ ತಿಳಿಯದಂತೆ ಅತ್ತಿದ್ದಾಳೆ, ದಿಂಬು ಒದ್ದೆ.

ಇವತ್ತು ಅಕ್ಕ ಎದ್ದು ಕೂತಳು. ಲೋಟ ನೋಡಿ "ನೀರು" ಅಂದಳು. ಕುಡಿಸಿದೆ. ಇನ್ನೊಂದು ಲೋಟ ಬೇಕಿತ್ತೋ, ನನ್ನ ಮುಖ ನೋಡಿ ಕನಿಕರಪಟ್ಟಳೋ, ಮತ್ತೆ "ನೀರು" ಅಂದಳು.

ಇನ್ನೇನೂ ಬರೆಯಬೇಕಿಲ್ಲ ಇವತ್ತು.

ಮಾರ್ಚ್ 4

ಮೇಡಂ ಪಾಠ ಮುಗಿದ ಮೇಲೂ ಹೋಗದೆ ಕೂತಿದ್ದರು. ಏನೋ ಕೇಳಬೇಕು, ಕೇಳಲು ಹಿಂಜರಿಕೆ.

"ನಮ್ಮ ಥೆರಪಿ ಸೆಂಟರ್‌ಗೆ ಒಬ್ರು ಬರ್ತಾರೆ. ಎಲೆಕ್ಟ್ರಿಷಿಯನ್. ಅಕ್ಕನ ಹಾಗೇ ಆಗಿದೆ ಅವ್ರಿಗೂ. ನಮ್ಮ ಬಾಯಿ ತೋರಿಸಿದ್ರೆ ಮುಖ ತಿರುಗಿಸ್ಕೊಳ್ತಾರೆ. ನಿಮಗೇನು, ಸಲೀಸಾಗಿ ಬರತ್ತೆ ಅನ್ನೋ ಥರ. ಅದಕ್ಕೆ... ಅಕ್ಕನ ಬಾಯಿ ಆದ್ರೆ ನೋಡ್ತಾರೇನೋ ಅಂತ..."

ಅಕ್ಕನ ಬಾಯಿ ಬಲಕ್ಕೆ ಇನ್ನೂ ಜೋತಿದೆ. ಮೊದಲೆಲ್ಲ ಬಾಗಿಲಿಗೆ ಯಾರು ಬಂದರೂ ಸೆರಗು ಎಳೆದು ಮುಚ್ಚಿಕೊಳ್ಳುತ್ತಿದ್ದಳು. ಒಪ್ಪುತ್ತಾಳೆಯೇ?

ಅಕ್ಕ ತಲೆ ಎತ್ತಿ ಛಾವಣಿಯ ಬಲ್ಬು ತೋರಿಸಿದಳು. ಎಲೆಕ್ಟ್ರಿಷಿಯನ್‌ಗೆ ಮೊದಲು ಯಾವ ಪದ ಬೇಕು ಅಂತ ಆಗಲೇ ಯೋಚಿಸಿದ್ದಾಳೆ!

"ಲೈ..." ಅಂದಳು. ಎರಡು ಬೆರಳು ತೋರಿಸಿದಳು: ಎರಡು ದಿನ ಅಭ್ಯಾಸ, ಆಮೇಲೆ ಶೂಟ್. ಮೇಡಂ ಅವಳ ಎರಡೂ ಕೈ ಹಿಡಿದುಕೊಂಡರು.

ಮಾರ್ಚ್ 6, ಬೆಳಿಗ್ಗೆ

ಶೂಟ್ ಆಯಿತು. ಕಿಟಕಿ ಪಕ್ಕ. ಹೆಂಡತಿ ಅಕ್ಕನ ತಲೆ ಬಾಚಿ, ಸೆರಗು ಸರಿಮಾಡಿದಳು. ಸೆರಗು ಕಾಣುವುದಿಲ್ಲ ಎಂದೆ. "ಅಕ್ಕನಿಗೆ ಗೊತ್ತಿರತ್ತಲ್ಲ" ಅಂದಳು.

"ಲೈ... ಟು." ನಡುವೆ ಸ್ವಲ್ಪ ಗಾಳಿ. ನನ್ನ ಕಿವಿಗೆ ಬಂಗಾರ.

ಎಕ್ಸ್‌ಪೋರ್ಟ್ ಒತ್ತಿ ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಮುಗಿದಿತ್ತು. ಟಿವಿಯಲ್ಲಿ ಹಾಕಿದೆ. ಇಷ್ಟು ಬೇಗ ಆಗಬಾರದಿತ್ತು ಎಂದು ಮೊದಲ ಸಲ ಅನ್ನಿಸಿತು. ಆ ಜೋತ ತುಟಿ, ತಡಕಾಡುವ ನಾಲಿಗೆ, ಪರದೆ ತುಂಬ. ಅವಳ ಮುಖ ನೋಡಲು ಧೈರ್ಯ ಬರಲಿಲ್ಲ.

ಅಕ್ಕ ಪೂರ್ತಿ ನೋಡಿದಳು. ಹುಬ್ಬು ಗಂಟಿಕ್ಕಿ, ಹೊಲಿಗೆ ಪರೀಕ್ಷೆ ಮಾಡುವವಳ ಹಾಗೆ.

"ಸರಿ... ಇಲ್ಲ."

ಬೇಡ ಅನ್ನುತ್ತಾಳೆ, ಅಳಿಸು ಅನ್ನುತ್ತಾಳೆ ಅಂದುಕೊಂಡೆ. ಬಾಯಿ ಇನ್ನೂ ಹುಡುಕುತ್ತಿತ್ತು. ಕಾದೆ. ಸಿಕ್ಕಿತು.

"ಇನ್ನೊಂದ್... ಸಲ."

ಈ ಮಾತನ್ನು ನಾನು ಶೂಟ್ ಮಾಡಿಲ್ಲ. ಯಾರ ಬಾಯಲ್ಲೂ ಹೇಳಿಸಿಲ್ಲ. ಯಾವ ಫೈಲಿನಲ್ಲೂ ಇಲ್ಲ.

ಈಗ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಳ್ಳುತ್ತಿದ್ದಾಳೆ, ತಾನೇ, ಬೆಳಕು ಪಕ್ಕಕ್ಕೆ ಸರಿಯುವ ಮೊದಲು. ನಾನಿಲ್ಲಿ ಬರೆಯುತ್ತ ಕೂತದ್ದು ಅವಳಿಗೆ ಕಂಡಿತು. ಕೂಗುತ್ತಿದ್ದಾಳೆ. ಬೈಗುಳ ಅಲ್ಲ, ಮೊದಲಕ್ಷರ ನನ್ನ ಹೆಸರಿನದು —