ಸತ್ತವಳ ಹೆಸರಿಗೆ ಓ ಅನ್ನಬೇಡ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಸಂತೇಬೆನ್ನೂರು
೧೮-೧೧-೨೦೨೪

ಚಿ. ಶಾಂತಲಾಗೆ ನಿನ್ನ ಅಜ್ಜಿಯ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಉಂಡುಟ್ಟು ಚೆನ್ನಾಗಿದ್ದೇವೆ. ನನ್ನ ಮಂಡಿ ಒಂದು ಬಿಟ್ಟರೆ ಮನೆಯಲ್ಲಿ ಉಳಿದವರೆಲ್ಲ ಹೇಳಿದ ಮಾತು ಕೇಳುತ್ತಾರೆ. ದೀಪಾವಳಿಯ ದಿನ ನೀನು ಫೋನಿನಲ್ಲಿ ಒಂದು ಮಾತು ಕೇಳಿದೆ. ನಾನು ಉತ್ತರ ಕೊಡದೆ ಫೋನನ್ನು ನಿಮ್ಮಪ್ಪನ ಕೈಗಿಟ್ಟು ಹಿತ್ತಲಿಗೆ ಎದ್ದು ಹೋದೆ. ಅಜ್ಜಿ ಮುನಿಸಿಕೊಂಡಳು ಅಂದುಕೊಂಡಿರಬೇಕು. ಮುನಿಸಲ್ಲ ಮಗಳೇ. ಅದು ಫೋನಿನಲ್ಲಿ ಹೇಳುವ ಉತ್ತರವಲ್ಲ. ನಿಮ್ಮಪ್ಪ ರೇಣುಕಪ್ರಸಾದ ಸ್ಪೀಕರ್ ಹಾಕದೆ ಮಾತಾಡುವವನಲ್ಲ. ನಮ್ಮ ಮನೆಯ ಗುಟ್ಟು ಬಸ್ ಸ್ಟ್ಯಾಂಡಿನವರೆಗೆ ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗೋವಿನಕೋವಿ ಶಾಲೆಯ ನಾಲ್ಕನೇ ಕ್ಲಾಸಿನ ಅಕ್ಷರ. ಒತ್ತು ದೀರ್ಘ ತಪ್ಪಿದ ಕಡೆ ನೀನೇ ಹಾಕಿಕೊಂಡು ಓದು. ಬರೆಯುವುದು, ಹರಿಯುವುದು, ಮತ್ತೆ ಬರೆಯುವುದು, ಇದರಲ್ಲೇ ತಡವಾಯಿತು. ನಿನ್ನ ಆಸ್ಪತ್ರೆಯಲ್ಲೇ ನರ್ಸ್ ಆಗಿರುವ ಹೊನ್ನಾಳಿಯ ರೂಪಶ್ರೀ ರಜೆ ಮುಗಿಸಿ ಹೊರಟಿದ್ದಾಳೆ. ಶೇಂಗಾ ಚಟ್ನಿಪುಡಿಯ ಜೊತೆ ಇದನ್ನೂ ಅವಳ ಕೈಗೆ ಕೊಡುತ್ತೇನೆ. ಪುಡಿಯನ್ನು ಎಲ್ಲರಿಗೂ ಹಂಚು. ಕಾಗದ ನಿನಗೊಬ್ಬಳಿಗೇ.

ಮೊದಲು ನಗುವ ವಿಷಯ. ಹೊಸ ಮನೆಗೆ ಕಾಲಿಟ್ಟ ದಿನ ಹಾಲು ಉಕ್ಕಿಸು ಅಂತ ಹೇಳಿದವಳು ನಾನೇ. ಆ ಐರ್ಲೆಂಡಿನಲ್ಲಿ ಹೊಗೆ ಕಂಡರೆ ಅರಚುವ ಗಂಟೆಯನ್ನು ಸೂರಿಗೆ ಹೊಡೆದಿರುತ್ತಾರೆ ಅಂತ ನನಗೇನು ಕನಸೇ? ಹಾಲು ಉಕ್ಕಿ, ಒಲೆಯ ಮೇಲೆ ಸುಟ್ಟು, ಗಂಟೆ ಬಾಯಿ ಬಡಿದುಕೊಂಡು, ಬೀದಿಯವರೆಲ್ಲ ಹೊರಗೆ ಬಂದು ನಿಂತ ಕಥೆಯನ್ನು ಎದುರುಮನೆ ಸರ್ವಮಂಗಳಮ್ಮನಿಗೆ ಹೇಳಿದೆ. “ಏನ್ ಕಲ್ಲಕ್ಕಾ, ನಿನ್ ಮೊಮ್ಮಗಳು ಆ ದೇಶಕ್ಕೆ ನೌಕರಿ ಮಾಡಾಕೆ ಹೋಗ್ಯಾಳೋ, ಬೆಂಕಿ ಹಚ್ಚಾಕೆ ಹೋಗ್ಯಾಳೋ?” ಅಂದಳು. ಅನ್ನಲಿ. ಹಾಲು ಉಕ್ಕಿದ್ದರಿಂದಲೇ ಅಲ್ಲವೇ ಪಕ್ಕದ ಮನೆಯ ಗ್ರೇಸ್ ಒದ್ದೆ ಬಟ್ಟೆ ಹಿಡಿದು ಓಡಿ ಬಂದದ್ದು? ಪಾತ್ರೆಯ ತಳದಲ್ಲಿ ಉಳಿದ ಹಾಲಿಗೆ ಸಕ್ಕರೆ ಹಾಕಿ ಇಬ್ಬರೂ ಕುಡಿದೆವು ಅಂತ ನೀನೇ ಹೇಳಿದೆ. ಅವಳೂ ಫಿಲಿಪೈನ್ಸಿನಿಂದ ಒಬ್ಬಳೇ ಬಂದವಳಂತೆ. ಉಕ್ಕಿದ ಹಾಲು ಹಂಚಿಕೊಂಡವಳು ಒಡಹುಟ್ಟಿದವಳ ಸಮ. ಅವಳನ್ನು ಬಿಡಬೇಡ.

ಇನ್ನು ನಗದ ವಿಷಯ.

ಆಸ್ಪತ್ರೆಯವರು ಕೊಟ್ಟಿದ್ದ ರೂಮು ಖಾಲಿ ಮಾಡು ಅಂದ ಮೇಲೆ ನೀನು ಎಷ್ಟು ಅಲೆದೆ ಅಂತ ನನಗೆ ಗೊತ್ತು. ಒಬ್ಬರು ಒಗ್ಗರಣೆ ವಾಸನೆ ಆಗದು ಅಂದರು. ಇನ್ನೊಬ್ಬರು ಫೋನಿನಲ್ಲಿ ನಿನ್ನ ಹೆಸರು ಕೇಳಿದೊಡನೆ ರೂಮು ಹೋಯಿತು ಅಂದರು. ಮತ್ತೊಂದು ಕಡೆ ಮನೆ ನೋಡಲು ಬಂದವರ ಸಾಲು ನಮ್ಮ ನ್ಯಾಯಬೆಲೆ ಅಂಗಡಿಯ ಸಾಲಿಗಿಂತ ಉದ್ದ ಇತ್ತು. ಕೊನೆಗೆ ಈಗಿನ ಮನೆಯ ಒಡತಿ, ಈ ಮೌರೀನ್ ಅನ್ನುವ ಮುದುಕಿ, ನಿನ್ನ ಮುಖ ನೋಡಿ, ಏನೂ ಕೇಳದೆ, ಮಹಡಿಯ ರೂಮಿನ ಕೀಲಿ ಕೊಟ್ಟಳು ಅಂದಾಗ ನಾನೇ ದೇವರಿಗೆ ಕಾಯಿ ಒಡೆಸಿದೆ.

ದೀಪಾವಳಿಯ ದಿನ ನೀನು ಆಡಿದ ಮಾತು ಈಗಲೂ ಕಿವಿಯಲ್ಲಿದೆ. “ಅಜ್ಜಿ, ಅದು ಸತ್ತುಹೋದ ಅವಳ ಮಗಳ ರೂಮಂತೆ. ದಿನಾ ಸಂಜೆ ಬಾಗಿಲ ಹೊರಗೆ ನಿಂತು, ‘ನೋರಾ, ಟೀ ತಂದೀನಿ’ ಅಂತಾಳೆ. ನೋರಾನ ಸ್ವೆಟರ್ ಕೊಟ್ಟಾಳೆ, ನನ್ ಅಳತೆಗೇ ಹೆಣೆದಂಗೈತೆ. ಮೊನ್ನೆ ಪಾಪ ಅನ್ನಿಸಿ ನಾನೂ ಓ ಅಂದ್ಬಿಟ್ಟೆ. ಆವಾಗಿಂದ ನಿದ್ದೆ ಬರ್ತಿಲ್ಲ. ಮನೆ ಬಿಟ್ ಬಿಡ್ಲಾ, ಇರ್ಲಾ?”

ನಿಮ್ಮಪ್ಪ ನಕ್ಕ. “ಇರು ಮಗಳೇ, ಮಗಳಾದ್ರೆ ಬಾಡಿಗೆ ಕಮ್ಮಿ ಮಾಡ್ತಾಳೆ” ಅಂದ. ಅವನ ನಾಲಿಗೆ ಹಿಡಿದು ಎಳೆಯಬೇಕು ಅನ್ನಿಸಿತು. ಫೋನನ್ನು ಅವನ ಕೈಗೇ ತುರುಕಿ ಎದ್ದೆ.

ಗೋವಿನಕೋವಿಯಲ್ಲಿ ನನ್ನ ಜೊತೆ ಉಡಚಮ್ಮ ಅಂತ ಒಬ್ಬಳು ಓದುತ್ತಿದ್ದಳು. ಬಾಯಾಳಿ. ಮರ ಹತ್ತುವವಳು, ಹುಡುಗರಿಗೆ ಹೊಡೆದು ಬರುವವಳು. ಅವಳನ್ನು ಎರಡನೇ ಸಂಬಂಧಕ್ಕೆ ಕೊಟ್ಟರು. ಮೊದಲ ಹೆಂಡತಿ ಮದುವೆಯಾದ ವರ್ಷವೇ ಹಾವು ಕಡಿದು ಸತ್ತಿದ್ದಳು. ನಮ್ಮಲ್ಲಿ ಆಗ ಒಂದು ಪದ್ಧತಿ ಇತ್ತು. ಸತ್ತ ಸವತಿಯ ಮುಖವನ್ನು ಬೆಳ್ಳಿಯ ಬಿಲ್ಲೆಯಲ್ಲಿ ಒತ್ತಿಸಿ ಹೊಸಬಳ ಕೊರಳಿಗೆ ಕಟ್ಟುತ್ತಿದ್ದರು, ಅವಳು ಬಂದು ಕಾಡದಿರಲಿ ಅಂತ. ಹೂವು ಮುಡಿಯುವ ಮೊದಲು ಬಿಲ್ಲೆಗೆ ಮುಟ್ಟಿಸಬೇಕು. ಹೊಸ ಸೀರೆ ಉಡುವ ಮೊದಲು ಬಿಲ್ಲೆಗೆ ತೋರಿಸಬೇಕು. ಅದನ್ನೆಲ್ಲ ಮಾಡಿದಳು, ಅದರಿಂದ ಏನೂ ಆಗಲಿಲ್ಲ.

ಆದದ್ದು ಕರೆಯುವುದರಿಂದ. ಸತ್ತವಳು ಅತ್ತೆಗೆ ಸ್ವಂತ ಅಣ್ಣನ ಮಗಳು. ಎತ್ತಿ ಆಡಿಸಿದ ಕೂಸು. ಹೊಸ ಸೊಸೆಯನ್ನೂ ಅತ್ತೆ ಅದೇ ಹೆಸರಿನಿಂದ ಕೂಗಿದರು. “ಅತ್ತೀ, ನನ್ ಹೆಸರು ಬೇರೆ ಐತ್ರಿ” ಅಂದಳು ಹುಡುಗಿ. ಅತ್ತೆ ತಲೆ ಸವರಿ, “ಇರ್ಲಿ ಬಿಡವ್ವ, ನನ್ ನಾಲಿಗೆ ಹಿಂಗೇ ತಿರುಗ್ತೈತೆ. ಓ ಅನ್ನು, ನನ್ ಹೊಟ್ಟೆ ತಣ್ಣಗಾಗ್ತೈತೆ” ಅಂದರು. ಕೆಟ್ಟವರಲ್ಲ. ಕೆನೆ ಎತ್ತಿಡುತ್ತಿದ್ದರು, ತಲೆ ಬಾಚುತ್ತಿದ್ದರು. ಹೊಡೆದಿದ್ದರೆ ಎದುರು ಬೀಳುತ್ತಿದ್ದಳು. ಪ್ರೀತಿಗೆ ಹೇಗೆ ಎದುರು ಬೀಳುವುದು? ಓ ಅಂದಳು.

ಆಮೇಲೆ ಗಂಡ ಹಾಗೇ ಕರೆದ, ಓಣಿಯವರು ಹಾಗೇ ಕರೆದರು. ಮೆಂತ್ಯದ ಸೊಪ್ಪು ಕಂಡರೆ ಮುಖ ತಿರುಗಿಸುತ್ತಿದ್ದವಳು ಬರಬರುತ್ತಾ ಅದನ್ನೇ ಬೇಡಿ ತಿಂದಳು. ಸತ್ತವಳಿಗೆ ಅದು ಪ್ರಾಣವಂತೆ. ಅತ್ತೆ ಮಣ್ಣು ಸೇರಿ ಎಷ್ಟೋ ವರ್ಷವಾದ ಮೇಲೂ ಹಿತ್ತಲಿನಿಂದ ಆ ಹೆಸರು ಕೂಗಿದ ಹಾಗೆ ಕೇಳಿಸುತ್ತಿತ್ತು. ಎದ್ದು ಹೋಗಿ ನೋಡುವಳು, ಯಾರೂ ಇಲ್ಲ. ಕೂಗಿದ್ದು ಯಾರನ್ನು, ಎದ್ದದ್ದು ಯಾರು ಅಂತ ಅವಳಿಗೇ ತಿಳಿಯದಾಯಿತು. ದೆವ್ವ ಅಂದರೆ ಇಷ್ಟೇ ಶಾಂತಲಾ. ಸತ್ತವರು ಬಂದು ಮೆಟ್ಟುವುದಿಲ್ಲ. ಬದುಕಿದ್ದವರು ಕೈ ಹಿಡಿದು ನಮ್ಮನ್ನು ಅವರ ಜಾಗದಲ್ಲಿ ಕೂರಿಸುತ್ತಾರೆ.

ಅದಕ್ಕೇ ನನ್ನ ಉತ್ತರ ಕೇಳು. ಮನೆ ಬಿಡಬೇಡ. ಆ ಮುದುಕಿಯನ್ನೂ ದೂರ ಮಾಡಬೇಡ. ಮಗಳನ್ನು ಕಳೆದುಕೊಂಡ ಹೊಟ್ಟೆ ಅದು. ಭಾನುವಾರ ಅವಳ ಪಕ್ಕ ಕೂತು, ನೋರಾ ಹೇಗಿದ್ದಳು, ಏನು ತಿನ್ನುತ್ತಿದ್ದಳು ಅಂತ ನೀನೇ ಕೇಳು. ಅವಳು ಅತ್ತರೆ ಅಳಲಿ. ರೊಟ್ಟಿ ಬಡಿದು ಕೊಡು, ಚಟ್ನಿಪುಡಿ ಹಾಕು, ಖಾರಕ್ಕೆ ಅತ್ತರೆ ಇನ್ನೂ ಒಳ್ಳೆಯದು. ಆದರೆ ಆ ಸ್ವೆಟರನ್ನು ಒಗೆದು, ಮಡಿಸಿ, ಎರಡೂ ಕೈಯಲ್ಲಿ ವಾಪಸ್ಸು ಕೊಡು. ಚಳಿಗೆ ಬೇರೆ ಕೊಂಡುಕೋ. ಸಂಜೆ ಅವಳು ನೋರಾ ಅಂದಾಗ ಒಳಗಿನಿಂದ ಓ ಅನ್ನಬೇಡ. ಬಾಗಿಲು ತೆಗೆ, ಟೀ ತೆಗೆದುಕೋ, ಮುಖ ನೋಡಿ ‘ನಾನು ಶಾಂತಲಾ’ ಅನ್ನು. ನಾಳೆಯೂ ಅನ್ನು. ನಾಡಿದ್ದೂ ಅನ್ನು. ಒರಟು ಅನ್ನಿಸಿದರೂ ಅನ್ನು. ಅವಳ ನಾಲಿಗೆ ತಿರುಗದೇ ಹೋದರೆ ಗ್ರೇಸಳ ಮನೆಯ ನೆಲದ ಮೇಲೆ ಚಾಪೆ ಹಾಸು, ಹಿಮ ಬೀಳುತ್ತಿದ್ದರೂ ಸರಿ. ಗ್ರೇಸಳಿಗೆ ನಿನ್ನ ಹೆಸರನ್ನು ನೆಟ್ಟಗೆ ಕರೆಯಲು ಕಲಿಸು. ಪರದೇಶದಲ್ಲಿ ಗೆಳತಿ ಯಾಕೆ ಬೇಕು ಗೊತ್ತೇ? ಕಷ್ಟಕ್ಕಲ್ಲ. ನಮ್ಮ ಹೆಸರು ಹಿಡಿದು ಕೂಗಲಿಕ್ಕೆ ಒಬ್ಬರು ಬೇಕು.

ಹೊಟ್ಟೆ ತುಂಬ ಉಣ್ಣು. ನೀನು ಮುಟ್ಟಿದ ರೋಗಿಗಳು ಎದ್ದು ಮನೆಗೆ ಹೋಗಲಿ. ನಿನ್ನ ಬಾಗಿಲಿಗೆ ನಿನ್ನನ್ನೇ ಹುಡುಕಿಕೊಂಡು ಬರುವವರು ಬರಲಿ.

ಇತಿ ನಿನ್ನ ಅಜ್ಜಿ,
ಕಲ್ಲಮ್ಮ

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಆ ಮನೆ ಇದೇ. ಹಾವು ಕಡಿದು ಸತ್ತವಳು ಕಲ್ಲಮ್ಮ, ನಿಮ್ಮ ತಾತ ಮರುಳಪ್ಪನವರ ಮೊದಲ ಹೆಂಡತಿ. ಉಡಚಮ್ಮ ನಾನು. ನಿಮ್ಮಪ್ಪನಿಗೂ ಗೊತ್ತಿಲ್ಲ, ಅವನಿಗೆ ಬುದ್ಧಿ ಬರುವಷ್ಟರಲ್ಲಿ ಹೇಳುವವರು ಯಾರೂ ಉಳಿದಿರಲಿಲ್ಲ. ಆಧಾರ್ ಕಾರ್ಡಿನಲ್ಲೂ ಅವಳ ಹೆಸರು, ನನ್ನ ಫೋಟೋ. ಹಲ್ಲು ಬರುವಾಗ ನೀನು ಕಚ್ಚುತ್ತಿದ್ದ ನನ್ನ ಕೊರಳಿನ ಬಿಲ್ಲೆ ದೇವರದ್ದಲ್ಲ, ಅವಳದ್ದು. ನಿನ್ನ ಫೋನ್ ಬಂದ ಮರುದಿನ ಸೂಳೆಕೆರೆಗೆ ಹೋಗಿ ನೀರಿಗೆ ಎಸೆಯಲು ದಾರ ಬಿಚ್ಚಿದೆ. ಕೈ ಬರಲಿಲ್ಲ. ಇಷ್ಟು ವರ್ಷ ಜೊತೆಗಿದ್ದವಳು, ಅವಳಾದರೂ ಎಲ್ಲಿಗೆ ಹೋಗಬೇಕು? ಮತ್ತೆ ಕಟ್ಟಿಕೊಂಡು ಬಂದೆ. ನಾಳೆ ನನ್ನ ಸಮಾಧಿಯ ಮೇಲೂ ಕಲ್ಲಮ್ಮ ಅಂತಲೇ ಬರೆಸುತ್ತಾರೆ. ಅವಳಿಗೆ ಎರಡು ಸಮಾಧಿ. ಉಡಚಮ್ಮನಿಗೆ ಒಂದೂ ಇಲ್ಲ.

ಮುಂದಿನ ಸಲ ಫೋನ್ ಮಾಡಿದಾಗ ಸ್ಪೀಕರ್ ತೆಗೆಸಿ ನನ್ನ ಕೈಗೆ ಕೊಡಿಸು. ಆಮೇಲೆ ಒಂದು ಸಲ ‘ಉಡಚವ್ವಾ’ ಅಂತ ಕೂಗು. ಕೂಡಲೇ ಓ ಅನ್ನದಿದ್ದರೆ ಫೋನ್ ಇಡಬೇಡ. ಅವಳು ಬಹಳ ದೂರದಿಂದ ಬರಬೇಕು.